ಮೂಲೆಗೆ ತಾಗಿದರೆ ಸಾಕು

ಇಪ್ಪತ್ತೊಂಬತ್ತು ವರ್ಷ ಕಾರವಾರದ ಅಂಚೆಯಲ್ಲಿ
ನನ್ನ ಕೈ ಮಾಡಿದ್ದು ಒಂದೇ ಕೆಲಸ:
ಚೆಂದದ್ದಕ್ಕೆ ಮಸಿ ಬಳಿಯುವುದು.
ಕೊನಾರ್ಕದ ಗಾಲಿಗೆ, ಸಾಂಚಿಯ ತೋರಣಕ್ಕೆ,
ಹಂಪಿಯ ಕಲ್ಲುರಥಕ್ಕೆ
ಧಪ್, ಧಪ್,
ಪಕ್ಕದ ಮೇಜಿನ ಚಹಾ ನಡುಗಬೇಕು, ಹಾಗೆ.
ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಬಾರದು, ಅಷ್ಟೇ ಕಾನೂನು.
ಚಿತ್ರ ಯಾರು ನೋಡುತ್ತಾರೆ?

ದತ್ತಾರಾಮ ತಾಂಡೇಲ ನೋಡುತ್ತಿದ್ದ.
ಬೈತಖೋಲದ ಧಕ್ಕೆಯಲ್ಲಿ ಬಲೆ ಹೊಲಿಯುವವ.
ಕೈಗೆ ಬಂಗಡೆಯ ವಾಸನೆ; ಅದಕ್ಕೇ
ಸ್ಟಾಂಪು ಮುಟ್ಟಲು ಒಂದು ಚಿಮಟ,
ಅಂಗಿಯ ಕಿಸೆಯಲ್ಲಿ, ಬೀಡಿಯ ಪಕ್ಕ.
ಕೌಂಟರಿನ ಜಾಲರಿಗೆ ಮೂಗು ಒತ್ತಿ ಹೇಳುವನು:
"ಸಾವಕಾಶ ಬಾಯೋರೇ, ಸಾವಕಾಶ ಹೊಡೀರಿ.
ಮೂಲೆಗೆ ತಾಗಿದರೆ ಸಾಕು."

ಅವನ ಪದ್ಧತಿ ಹೀಗೆ.
ಒಂದು ಲಕೋಟೆಯ ಮೇಲೆ ತನ್ನದೇ ವಿಳಾಸ;
ಅದನ್ನು ಮಡಚದೆ ದೊಡ್ಡದೊಂದರೊಳಗೆ ಇಳಿಸಿ
ಮಹಾಬಲಿಪುರದ ಪೋಸ್ಟ್‌ಮಾಸ್ತರರಿಗೆ ಅರ್ಜಿ:
ಮಾನ್ಯರೇ, ಗುಡಿಯ ಚಿತ್ರದ ಮೇಲೆ
ಗುಡಿ ಇರುವ ಊರಿನದೇ ಮೊಹರು ಬೀಳಲಿ,
ಅಂಚಿಗೆ, ಓದಲು ಬರುವಂತೆ.
ಇಂಗ್ಲಿಷಿನಲ್ಲಿ ಬರೆದುಕೊಡುತ್ತಿದ್ದವಳು ನಾನೇ,
ಊಟದ ಬಿಡುವಿನಲ್ಲಿ. ಅರ್ಜಿಗೊಂದು ಕೊಟ್ಟೆ ಒಣಸೀಗಡಿ.

ತಿಂಗಳಿಗೋ ಎರಡು ತಿಂಗಳಿಗೋ ಮರಳಿ ಬಂದವು
ಒಳಗೆ ಏನೂ ಇಲ್ಲದ ಲಕೋಟೆಗಳು.
ಕೊನಾರ್ಕದವರು ನಡುವಿಗೇ ಬಡಿದಿದ್ದರು,
ಸೂರ್ಯನ ಗುಡಿಗೆ ಗ್ರಹಣ;
ಒಂದು ವಾರ ದತ್ತಾರಾಮ ಮಾತಾಡಲಿಲ್ಲ.
ಬಟವಾಡೆಯ ಇನಾಸ್ ಪ್ರತಿಯೊಂದನ್ನೂ
ಬೆಳಕಿಗೆ ಹಿಡಿದು ಹಿಡಿದು ಸೋತ.
ಹೆಂಡತಿ ಸುಲಭಾ ಒಮ್ಮೆ ಅಂಚು ಹರಿದು
ಅಲುಗಿಸಿ, ಕೊಡವಿ, ಊದಿ ನೋಡಿದಳಂತೆ.
"ಯಾರಿವಳು, ಒಂದು ಮಾತೂ ಬರೆಯದವಳು?"
ಎಲ್ಲೋರಾ, ಎಂದನಂತೆ ಇವನು.
ಎರಡು ದಿನ ಮನೆಯಲ್ಲಿ ಅನ್ನ ಬೇಯಲಿಲ್ಲ.
ಆ ಕವರು ಈಗಲೂ ಇದೆ,
ಹರಿದ ಅಂಚಿಗೆ ಬಲೆಯ ದಾರದ ಹೊಲಿಗೆ.

ಆಮೇಲೆ ಗುಡ್ಡದಾಚೆಯ ಅವನ ಊರಿಗೆ
ತಂತಿಬೇಲಿ ಬಂತು.
ಯಾಕೆ, ಯಾರದ್ದು, ಇಲ್ಲಿ ಬರೆಯುವುದಿಲ್ಲ;
ನಮ್ಮ ಕಡೆಯವರಿಗೆ ಗೊತ್ತು, ಉಳಿದವರು ಕೇಳಿಲ್ಲ.
ಶಾಖಾ ಅಂಚೆಯ ಲೆಕ್ಕ ಮುಚ್ಚಲು ನನ್ನನ್ನೇ ಕಳಿಸಿದರು.
ಒಂದು ತಕ್ಕಡಿ, ಮೂರು ರಿಜಿಸ್ಟರು,
ಕೀಲಿ ಕಳೆದ ಪೆಟ್ಟಿಗೆ, ಅದರೊಳಗೆ ಹಲ್ಲಿಯ ಮೊಟ್ಟೆ.
ಮೊಹರಿನ ತಾರೀಖಿನ ಮೊಳೆ ಬದಲಿಸಲು
ಚಿಮಟ ಸಿಗಲಿಲ್ಲ.
ಹೊಸ್ತಿಲಲ್ಲಿ ಕಾದು ನಿಂತವನು ತನ್ನದನ್ನು ಕೊಟ್ಟ.
ಇನ್ನೊಂದು ಕೈಯಲ್ಲಿ ಕವರು. ಪಟ್ಟದಕಲ್ಲು.
ಈ ಊರಿಂದ ಈ ಊರಿಗೇ,
ಕೊನೆಯ ದಿನದ ಮೊಹರಿಗೆ.

ಮಸಿಯ ಮೆತ್ತೆ ಒಣಗಿತ್ತು. ಎರಡು ಹನಿ ನೀರು ಬಿಟ್ಟೆ.
ಜೀವಮಾನದಲ್ಲಿ ಮೊದಲ ಸಲ
ಸಾವಕಾಶ ಹೊಡೆದೆ.
ಅದೇ ತಪ್ಪಾಯಿತು.
ತಾರೀಖು ಎದ್ದಿತು, ಕರ್ರಗೆ, ಅಂಕಿ ಅಂಕಿ ಬಿಡಿಸಿ.
ಹೆಸರಿನಲ್ಲಿ ಎದ್ದದ್ದು ಬಾಲ ಮಾತ್ರ: ಗದ್ದೆ.
ಯಾವ ಗದ್ದೆ? ಈ ಕರಾವಳಿಯಲ್ಲಿ
ಗದ್ದೆ ಎಂದು ಮುಗಿಯುವ ಊರು ಎಷ್ಟಿಲ್ಲ!

ಇನ್ನೊಮ್ಮೆ ಹೊಡೆಯಲೇ, ಎಂದೆ.
ಬೇಡ ಬಾಯೋರೇ, ಎಂದ.
ಒಂದಕ್ಕೆ ಒಂದೇ ಪೆಟ್ಟು, ಕಾನೂನು ನಿಮ್ಮದೇ ಅಲ್ಲವೇ.
ಉಫ್ ಉಫ್ ಎಂದು ಊದಿ ಒಣಗಿಸಿಕೊಂಡ,
ಬಿಸಿ ಗಂಜಿ ಆರಿಸುವ ಹಾಗೆ.

ಈ ಸಲದ ಚೌತಿಯ ಮರುದಿನ ಹೋಗಿದ್ದೆ
ಅವನ ಹೊಸ ಕಾಲನಿಗೆ.
ಎಲ್ಲ ಮನೆಗೂ ಒಂದೇ ಅಳತೆಯ ಕಿಟಕಿ;
ಎರಡು ಸಲ ತಪ್ಪು ಬಾಗಿಲು ತಟ್ಟಿದೆ.
ಆಲ್ಬಮ್ಮು ತೆರೆದ. ಪ್ರತಿ ಕವರಿನ ಕೆಳಗೆ ಪೆನ್ಸಿಲಿನಲ್ಲಿ
ಜಗತ್ತು ಅದನ್ನು ಪಟ್ಟಿಗೆ ಸೇರಿಸಿಕೊಂಡ ವರ್ಷ.
ಹಂಪಿ, ಎಂಬತ್ತಾರು. ಪಟ್ಟದಕಲ್ಲು, ಎಂಬತ್ತೇಳು.
ಅರ್ಧ ಹೆಸರಿನದರ ಕೆಳಗೆ ವರ್ಷವಿಲ್ಲ:
"ಬಾವಿಯಿಂದ ನಲವತ್ತು ಹೆಜ್ಜೆ. ಹೊನ್ನೆಮರದ ಎಡಕ್ಕೆ.
ಮಳೆಗಾಲದಲ್ಲಿ ಕಾಲು ತೊಳೆದು ಒಳಗೆ ಬರಬೇಕು."

ಓದಿ, ಏನು ಹೇಳಲೂ ತೋಚದೆ
ಚಿಮಟವನ್ನು ತಿರುಗಿಸುತ್ತ ಕೂತಿದ್ದೆ.
ಸುಲಭಾ ಚಹಾ ತಂದಳು,
ಆಲ್ಬಮ್ಮಿಗೆ ಸಿಡಿಯದಷ್ಟು ದೂರ ಇಟ್ಟಳು.
"ಎಲ್ಲೋರಾಳನ್ನು ತೋರಿಸಿದರಾ?" ಎಂದಳು.